ವೈರಸ್ ಹೋಗಿ ಬ್ಯಾಕ್ಟೀರಿಯಾ ಬಂತು: ನಕ್ಷತ್ರಮೀನಿನ ಸಾವು, ಕಡಲ ವಿಜ್ಞಾನ ಕೇಂದ್ರಗಳ ಪೇಚಾಟ

2025ರ ಆಗಸ್ಟ್ ಮೊದಲ ವಾರ ಒಂದು ಸುದ್ದಿ ಬಂತು. ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಯುದ್ದಕ್ಕೂ ನಕ್ಷತ್ರಮೀನುಗಳನ್ನು ಕರಗಿಸಿ ಕೊಲ್ಲುತ್ತಿದ್ದ ರೋಗಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ ಎಂದು ಸಂಶೋಧಕರು ತೋರಿಸಿಕೊಟ್ಟಿದ್ದರು. ಹನ್ನೆರಡು ವರ್ಷದ ಒಗಟು ಒಡೆಯಿತು ಎಂದು ತಲೆಬರಹಗಳು ಹೇಳಿದವು. ಹಳೆಯ ಸುದ್ದಿ ನೆನಪಿದ್ದವರಿಗೆ ಮಾತ್ರ ಗೊಂದಲ. ಇದೇ ಒಗಟು 2014ರಲ್ಲೇ ಒಡೆದಿತ್ತಲ್ಲ? ಆಗ ವೈರಸ್ ಅಂದಿದ್ದರಲ್ಲ?

ಈ ಪ್ರಶ್ನೆಯ ಬಿಸಿ ಮೊದಲು ತಟ್ಟುವುದು ಪ್ರಯೋಗಾಲಯಕ್ಕಲ್ಲ. ಸಾರ್ವಜನಿಕರಿಗೆ ಸಮುದ್ರ ವಿಜ್ಞಾನ ಕಲಿಸುವ ಕಡಲಂಚಿನ ಅನ್ವೇಷಣಾ ಕೇಂದ್ರಗಳಿಗೆ, ಅಲ್ಲಿ ತೊಟ್ಟಿಯ ಪಕ್ಕ ನಿಂತ ಸ್ವಯಂಸೇವಕರಿಗೆ. ‘ಇವಕ್ಕೆ ಏನು ರೋಗ?’ ಎಂದು ಮಗುವೊಂದು ಕೇಳಿದರೆ, ನಿನ್ನೆಯವರೆಗೆ ಒಂದು ಉತ್ತರ, ಇವತ್ತಿನಿಂದ ಇನ್ನೊಂದು ಅನ್ನುವುದು ಹೇಗೆ? ಹಿಂದೆ ಹೇಳಿದ್ದು ಸುಳ್ಳೇ ಎಂದು ಅಪ್ಪ ಅಮ್ಮ ಕೇಳಿದರೆ? ಇದಕ್ಕೇ ಹೆಣೆದುಕೊಂಡ ಹಳೆಯ ತಕರಾರು ಇನ್ನೊಂದಿದೆ. ಜೀವಂತ ಪ್ರಾಣಿಯನ್ನು ಮುಟ್ಟಿಸುವ ಟಚ್ ಟ್ಯಾಂಕ್ ಕಲಿಕೆಯೋ, ಹಿಂಸೆಯೋ? ಎರಡನ್ನೂ ಒಟ್ಟಿಗೆ ನೋಡುವುದು ಒಳ್ಳೆಯದು, ಯಾಕೆಂದರೆ ಎರಡರ ಗಂಟೂ ಒಂದೇ ಕಡೆ ಇದೆ. ಪ್ರಾಣಿಯನ್ನು ತೋರಿಸುವ ಕೇಂದ್ರಗಳು, ಅದರ ಬಗ್ಗೆ ನಮಗೆ ಗೊತ್ತಾದದ್ದು ಹೇಗೆ ಎಂಬುದನ್ನು ತೋರಿಸುವುದು ಕಡಿಮೆ.

ಕಡಲಲ್ಲಿ ಆದದ್ದೇನು

ರೋಗ ಕಣ್ಣಿಗೆ ಬಿದ್ದದ್ದು 2013ರಲ್ಲಿ. ಅಲಾಸ್ಕಾದಿಂದ ಮೆಕ್ಸಿಕೊವರೆಗೆ 20ಕ್ಕೂ ಹೆಚ್ಚು ಜಾತಿಯ ನಕ್ಷತ್ರಮೀನುಗಳಲ್ಲಿ ಒಂದೇ ಬಗೆಯ ಲಕ್ಷಣ. ಮೊದಲು ತೋಳುಗಳು ಮುರುಟಿಕೊಳ್ಳುತ್ತವೆ. ಮೈಮೇಲೆ ಬಿಳಿ ಹುಣ್ಣು ಏಳುತ್ತದೆ. ಆಮೇಲೆ ತೋಳುಗಳು ಒಂದೊಂದಾಗಿ ಕಳಚಿ ಬೀಳುತ್ತವೆ, ಕಳಚಿದ ತೋಳು ಸ್ವಲ್ಪ ಹೊತ್ತು ತನ್ನಷ್ಟಕ್ಕೆ ತೆವಳುವುದೂ ಉಂಟು. ಕೊನೆಗೆ ಉಳಿಯುವುದು ಲೋಳೆಯ ಮುದ್ದೆ.

ಹೆಚ್ಚು ಪೆಟ್ಟು ತಿಂದದ್ದು ಸೂರ್ಯಕಾಂತಿ ನಕ್ಷತ್ರಮೀನು. 24ರವರೆಗೆ ತೋಳು, ಸುಮಾರು ಒಂದು ಮೀಟರ್ ಅಗಲ, ನಕ್ಷತ್ರಮೀನುಗಳಲ್ಲೇ ಚುರುಕು ಓಟಗಾರ. ಈ ಜಾತಿಯ ಶೇ 90ಕ್ಕೂ ಹೆಚ್ಚು ಪ್ರಾಣಿಗಳು, ಅಂದರೆ 500 ಕೋಟಿಗೂ ಮೀರಿ, ನಾಶವಾದವೆಂದು ಅಂದಾಜು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದೆ.

ಇದರ ಊಟ ಸೀ ಅರ್ಚಿನ್ ಎಂಬ ಮುಳ್ಳುಚೆಂಡು. ಅರ್ಚಿನ್‌ನ ಊಟ ಕೆಲ್ಪ್ ಎಂಬ ದೈತ್ಯ ಕಡಲಪಾಚಿ. ನಕ್ಷತ್ರಮೀನು ಹೋಯಿತು, ಅರ್ಚಿನ್‌ಗೆ ಹೇಳುವವರು ಕೇಳುವವರು ಇಲ್ಲವಾದರು, ಉತ್ತರ ಕ್ಯಾಲಿಫೋರ್ನಿಯಾದ ಕೆಲ್ಪ್ ಕಾಡು ಕೆಲವೇ ವರ್ಷಗಳಲ್ಲಿ ಶೇ 90ಕ್ಕಿಂತ ಹೆಚ್ಚು ಬೋಳಾಯಿತು. ಕೇಂದ್ರಗಳಲ್ಲಿ ಈ ಸರಪಳಿಯನ್ನು ಮೂರು ಬಾಣದ ಗುರುತಿನ ಚಿತ್ರವಾಗಿ ಬಿಡಿಸಿರುತ್ತಾರೆ. ಚಿತ್ರ ಸುಳ್ಳಲ್ಲ, ಆದರೆ ಒಂದು ಬಾಣ ಕಡಿಮೆ. 2014ರಿಂದ 2016ರವರೆಗೆ ಅದೇ ಕಡಲಲ್ಲಿ ಬಿಸಿನೀರಿನ ಅಲೆಯೊಂದು ಕೂತಿತ್ತು. ಬೆಚ್ಚಗಿನ ಮೇಲ್ನೀರಿನಲ್ಲಿ ಪೋಷಕಾಂಶ ಕಡಿಮೆ, ಅಲ್ಲಿ ಕೆಲ್ಪ್ ತಾನಾಗಿಯೇ ಸೊರಗುತ್ತದೆ. ಅರ್ಚಿನ್ ಮೇಯ್ದದ್ದು ಮೊದಲೇ ಬಡಕಲಾಗಿದ್ದ ಕಾಡನ್ನು.

0.22 ಮೈಕ್ರಾನ್ ಸೋಸುಹಾಳೆ

ವೈರಸ್ ಎಂದು ಹೇಳಿದ್ದು ಯಾಕೆ, ಆ ಮಾತು ಬಿದ್ದುಹೋದದ್ದು ಹೇಗೆ? ಇಡೀ ಗೊಂದಲದ ಕೀಲಿ ಒಂದು ಸೋಸುಹಾಳೆಯಲ್ಲಿದೆ. ಅದರ ರಂಧ್ರದ ಅಳತೆ 0.22 ಮೈಕ್ರಾನ್, ಮಿಲಿಮೀಟರಿನ ಸುಮಾರು ನಾಲ್ಕೂವರೆ ಸಾವಿರದ ಒಂದು ಪಾಲು. ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಇದರಲ್ಲಿ ತೂರಲಾರವು, ವೈರಸ್ ಸಲೀಸಾಗಿ ತೂರುತ್ತದೆ.

2014ರ ತಂಡ ರೋಗಿ ನಕ್ಷತ್ರಮೀನಿನ ಅಂಗಾಂಶ ಅರೆದು, ಈ ಅಳತೆಯಲ್ಲಿ ಸೋಸಿ, ಸೋಸಿ ಬಂದದ್ದನ್ನು ಆರೋಗ್ಯವಂತ ಪ್ರಾಣಿಗಳಿಗೆ ಚುಚ್ಚಿತು. ಅವು ಕಾಯಿಲೆ ಬಿದ್ದವು. ಅದೇ ರಸವನ್ನು ಕಾಯಿಸಿ ಚುಚ್ಚಿದಾಗ ಏನೂ ಆಗಲಿಲ್ಲ. ಹಾಗಾದರೆ ವೈರಸ್ ಗಾತ್ರದ ಏನೋ ಒಂದು ಇದೆ ಎಂಬ ತೀರ್ಮಾನ ಸಹಜ. ರೋಗಿಗಳಲ್ಲಿ ಡೆನ್ಸೊವೈರಸ್ ಹೆಚ್ಚಾಗಿ ಸಿಕ್ಕಿತು. ಬೆರಳು ಅದರತ್ತ ಹೋಯಿತು.

ಮುಂದಿನ ವರ್ಷಗಳಲ್ಲಿ ಒಂದೊಂದೇ ಗೂಟ ಸಡಿಲವಾಯಿತು. ಬೇರೆ ಜಾತಿಗಳ ಮೇಲೆ ಪ್ರಯೋಗ ಮಾಡಿದಾಗ ಅದೇ ಫಲ ಬರಲಿಲ್ಲ. ಅಂಥದ್ದೇ ವೈರಸ್‌ಗಳು ಆರೋಗ್ಯವಾಗಿರುವ ನಕ್ಷತ್ರಮೀನುಗಳಲ್ಲೂ ಧಾರಾಳವಾಗಿ ಸಿಕ್ಕವು. ಸಂಗ್ರಹಾಲಯದಲ್ಲಿ 1942ರಿಂದ ಕೂತಿದ್ದ ಮಾದರಿಯಲ್ಲೂ ಅದರ ಕುರುಹು ಇದೆಯೆಂದು ಮೊದಲ ತಂಡವೇ ಬರೆದಿತ್ತು. ವೈರಸ್ಸೇ ಕಾರಣ ಎಂದು ವಾದಿಸಿದವರು ಯಾರೋ, ಕೆಡವಿದವರು ಯಾರೋ ಎಂದುಕೊಳ್ಳಬೇಡಿ. 2018ರಲ್ಲಿ ಹಳೆಯ ತೀರ್ಮಾನ ನಿಲ್ಲುವುದಿಲ್ಲವೆಂದು ಬರೆದವರಲ್ಲಿ 2014ರ ಪ್ರಬಂಧದ ಮುಖ್ಯ ಲೇಖಕರೂ ಇದ್ದರು. ಒಂದು ಕೇಂದ್ರ ಫಲಕಕ್ಕೆ ಹಾಕಬೇಕಾದ ಸಂಗತಿ ಏನಾದರೂ ಇದ್ದರೆ ಇದು.

2025ರ ಪ್ರಯೋಗ ಬೇರೆ ಜಾಗದಲ್ಲಿ ಹುಡುಕಿತು. ಅಂಗಾಂಶದ ಬದಲು ನಕ್ಷತ್ರಮೀನಿನ ಒಡಲೊಳಗಿನ ದ್ರವ. ನಮಗೆ ರಕ್ತ ಹೇಗೋ ಅದಕ್ಕೆ ಅದು ಹಾಗೆ. ಆ ದ್ರವದಲ್ಲಿ ವಿಬ್ರಿಯೊ ಪೆಕ್ಟೆನಿಸಿಡಾ ಎಂಬ ಬ್ಯಾಕ್ಟೀರಿಯಾ ರೋಗಿಗಳಲ್ಲಿ ತುಂಬಿಕೊಂಡಿತ್ತು. ಸ್ಕಾಲಪ್ ಚಿಪ್ಪುಜೀವಿಯ ಮರಿಗಳನ್ನು ಕೊಲ್ಲುತ್ತದೆ ಎಂದು ಮೊದಲೇ ಹೆಸರು ಕೆಡಿಸಿಕೊಂಡಿದ್ದ ಜಾತಿ ಇದು. ದ್ರವವನ್ನು ಹಾಗೇ ಚುಚ್ಚಿದಾಗ ಪ್ರಾಣಿ ಸತ್ತಿತು. ಕಾಯಿಸಿ ಚುಚ್ಚಿದರೆ ಬದುಕಿತು. 0.22 ಮೈಕ್ರಾನಿನಲ್ಲಿ ಸೋಸಿ ಚುಚ್ಚಿದರೂ ಬದುಕಿತು. ಹಿಂದಿನ ಪ್ರಯೋಗಕ್ಕೆ ತದ್ವಿರುದ್ಧ. ಕೊನೆಗೆ ಬ್ಯಾಕ್ಟೀರಿಯಾವನ್ನು ಒಂಟಿಯಾಗಿ ಬೆಳೆಸಿ, ಅದನ್ನೇ ಕೊಟ್ಟು, ಅದೇ ರೋಗ ಬರುವುದನ್ನು ನೋಡಿ, ರೋಗಿಯಿಂದ ಅದನ್ನೇ ಮರಳಿ ಪಡೆದರು. ರೋಗಕ್ಕೆ ಇಂಥದ್ದೇ ರೋಗಾಣು ಕಾರಣ ಎಂದು ಸಾಬೀತುಪಡಿಸಲು 19ನೇ ಶತಮಾನದಲ್ಲಿ ಜರ್ಮನಿಯ ವೈದ್ಯ ರಾಬರ್ಟ್ ಕಾಖ್ ಹಾಕಿಕೊಟ್ಟ ಮೆಟ್ಟಿಲುಗಳೇ ಇವು.

ಈ ಸಲ ಯಾಕೆ ನಂಬಬೇಕು? ಒಂದು ಕಾರಣ, ಪ್ರಯೋಗಕ್ಕೆ ಬಳಸಿದ ಪ್ರಾಣಿಗಳು. ಕಡಲಿಂದ ನೇರ ಹಿಡಿದು ತಂದ ನಕ್ಷತ್ರಮೀನು ಮೊದಲೇ ಸೋಂಕು ಹೊತ್ತಿರಬಹುದು, ಚುಚ್ಚಿದ್ದಕ್ಕೂ ಸತ್ತದ್ದಕ್ಕೂ ಸಂಬಂಧ ಇಲ್ಲದೆಯೂ ಸಾಯಬಹುದು. ಈ ತಂಡ ಪ್ರತ್ಯೇಕವಾಗಿಟ್ಟು ನಿಗಾ ಮಾಡಿದ ಪ್ರಾಣಿಗಳನ್ನು, ಸಾಕಿ ಬೆಳೆಸಿದವನ್ನು ಬಳಸಿತು. ಇನ್ನೊಂದು, ಮುರುಟುವುದು, ತೋಳು ಕಳಚುವುದು ಈ ರೋಗಕ್ಕೆ ಮಾತ್ರ ಮೀಸಲಾದ ಲಕ್ಷಣಗಳಲ್ಲ. ನೀರು ಬಿಸಿಯಾದರೂ, ಉಸಿರುಗಟ್ಟಿದರೂ, ಒರಟಾಗಿ ಹಿಡಿದರೂ ನಕ್ಷತ್ರಮೀನು ಹಾಗೆಯೇ ಮಾಡುತ್ತದೆ. ನಾಲ್ಕು ವರ್ಷಕ್ಕೂ ಮಿಕ್ಕಿ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದ್ದು ಈ ಗೋಜಲು ಬಿಡಿಸಲಿಕ್ಕೆ.

ಫಲಕದಲ್ಲಿ ಏನು ಬರೆಯಬೇಕು

ಇಲ್ಲಿ ಕೇಂದ್ರ ನಡೆಸುವವರಲ್ಲಿ ಮೂರು ಮನಸ್ಸು. ಒಂದು ಬಣದ ಪ್ರಕಾರ, ತಜ್ಞರಲ್ಲಿ ಒಮ್ಮತ ಆಗಿ ಹತ್ತಿಪ್ಪತ್ತು ವರ್ಷ ನಿಂತ ವಿಷಯವನ್ನಷ್ಟೇ ಬರೆಯಬೇಕು. ಬಂದವರು ಒಂದು ಫಲಕದ ಮುಂದೆ ನಿಲ್ಲುವುದೇ ಕೆಲವು ಸೆಕೆಂಡು. ಅಷ್ಟರಲ್ಲಿ ‘ಹೀಗಿರಬಹುದು, ಹಾಗಿರಬಹುದು’ ಎಂದರೆ ತಲೆಗೆ ಹೋಗುವುದು ಗೊಂದಲ ಮಾತ್ರ. ಎರಡನೆಯ ಬಣ ಹೇಳುವುದು, ವಿಜ್ಞಾನದ ಜೀವಾಳವೇ ತಿದ್ದಿಕೊಳ್ಳುವುದು, ಅದನ್ನು ಮುಚ್ಚಿಟ್ಟರೆ ಮುಂದೊಂದು ದಿನ ತಿದ್ದುಪಡಿ ಬಂದಾಗ ಜನ ಮೋಸ ಹೋದೆವು ಎಂದುಕೊಳ್ಳುತ್ತಾರೆ. ಮೂರನೆಯವರ ಚಿಂತೆ ಬೇರೆ: ಸಾವು, ಬಿಸಿ, ನಾಶ ಎಂದೇ ಹೇಳುತ್ತ ಹೋದರೆ ಮಕ್ಕಳು ಕೈಚೆಲ್ಲುತ್ತಾರೆ, ಭರವಸೆಯ ಮಾತು ಮುಂದಿರಲಿ.

ಮೊದಲನೆಯ ವಾದದಲ್ಲಿ ಹುರುಳಿದೆ, ಆದರೆ ಅದು ಈ ರೋಗದ ವಿಷಯದಲ್ಲಿ ನಡೆಯುವುದಿಲ್ಲ. ಕಣ್ಣೆದುರು ಪ್ರಾಣಿ ಸಾಯುತ್ತಿರುವಾಗ ಇಪ್ಪತ್ತು ವರ್ಷ ಕಾದು ಫಲಕ ಬರೆಯುತ್ತೇವೆ ಅನ್ನಲಾಗದು. ಮೂರನೆಯ ವಾದ ಅರ್ಧ ಸರಿ, ಭರವಸೆಯನ್ನು ಬಣ್ಣದ ಹಾಗೆ ಮೇಲಿಂದ ಬಳಿದರೆ ಜನಕ್ಕೆ ಗೊತ್ತಾಗುತ್ತದೆ. ಎರಡನೆಯ ದಾರಿ ಗಟ್ಟಿ. ಅದಕ್ಕೆ ಕಸುಬು ಬೇಕು. ‘ಕಾರಣ ವೈರಸ್’ ಎಂದು ಬರೆಯುವುದಕ್ಕೂ ‘2014ರ ಪ್ರಯೋಗದಲ್ಲಿ, ಬ್ಯಾಕ್ಟೀರಿಯಾ ತೂರದ ಹಾಳೆಯಲ್ಲಿ ಸೋಸಿದ ರಸವೂ ರೋಗ ತಂದಿತು, ಆದ್ದರಿಂದ ವೈರಸ್ ಮೇಲೆ ಶಂಕೆ’ ಎಂದು ಬರೆಯುವುದಕ್ಕೂ ಹನ್ನೊಂದೇ ಪದಗಳ ಅಂತರ. ಎರಡನೆಯ ವಾಕ್ಯ ಇವತ್ತಿಗೂ ನಿಜ. ಅದನ್ನು ಅಳಿಸಬೇಕಿಲ್ಲ, ಕೆಳಗೆ 2025 ಎಂದು ಇನ್ನೊಂದು ಸಾಲು ಸೇರಿಸಿದರೆ ಸಾಕು. ಹೀಗೆ ಸಾಲು ಸೇರಿಸಲು ಬರುವಂತೆ ಫಲಕ ಮಾಡಿಸುವುದೂ ಒಂದು ವಿಚಾರ. ದುಬಾರಿ ಲೋಹದ ಮೇಲೆ ಅಚ್ಚೊತ್ತಿಸಿದ ಫಲಕವನ್ನು ಬದಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಹಳೆಯ ತಪ್ಪುಗಳು ವರ್ಷಗಟ್ಟಲೆ ಗೋಡೆಯ ಮೇಲೆ ಉಳಿಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಾಗಿಲ್ಲ.

ಸರಳ ಮಾಡಲು ಹೋಗಿ

ರೋಗದ ವಿಷಯದಲ್ಲಾದರೂ ತಪ್ಪಿಗೆ ಸಂಶೋಧನೆಯೇ ಹೊಣೆ. ಕೇಂದ್ರಗಳು ತಾವೇ ಮಾಡುವ ತಪ್ಪುಗಳು ಬೇರೆ ಇವೆ, ಅವೆಲ್ಲ ಒಳ್ಳೆಯ ಉದ್ದೇಶದವೇ.

ಕಡಲಿನ ಆಮ್ಲೀಕರಣ ತೋರಿಸುವ ಜನಪ್ರಿಯ ಪ್ರಾತ್ಯಕ್ಷಿಕೆ ನೋಡಿ: ಚಿಪ್ಪು ಅಥವಾ ಸೀಮೆಸುಣ್ಣವನ್ನು ವಿನೆಗರ್‌ಗೆ ಹಾಕುವುದು. ಬುಸ್ಸೆಂದು ಗುಳ್ಳೆ ಏಳುತ್ತದೆ, ಮಕ್ಕಳು ಹೋ ಎನ್ನುತ್ತಾರೆ. ವಿನೆಗರ್‌ನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಸುಮಾರು 2.5, ಕಡಲಿನದು ಸುಮಾರು 8.1. ಪಿಎಚ್‌ನಲ್ಲಿ ಒಂದೊಂದು ಅಂಕಿ ಇಳಿದರೂ ಆಮ್ಲೀಯತೆ ಹತ್ತು ಪಟ್ಟು ಏರುವುದರಿಂದ, ಆ ಲೋಟ ಕಡಲಿಗಿಂತ ಸುಮಾರು 4 ಲಕ್ಷ ಪಟ್ಟು ಆಮ್ಲ. ಕೈಗಾರಿಕಾ ಯುಗದಿಂದ ಈಚೆಗೆ ಕಡಲು ಇಳಿದಿರುವುದು 0.1ರಷ್ಟು, 8.2ರಿಂದ 8.1ಕ್ಕೆ. ಆಮ್ಲೀಯತೆಯ ಲೆಕ್ಕದಲ್ಲಿ ಶೇ 26ರಷ್ಟು ಏರಿಕೆ. ಚಿಪ್ಪು ಕಟ್ಟುವ ಜೀವಿಗೆ ಇದು ದೊಡ್ಡ ಹೊರೆ, ಆದರೆ ಕಡಲು ಈಗಲೂ ಕ್ಷಾರೀಯವೇ. ಮಗು ಮನೆಗೆ ಒಯ್ಯುವುದು ಮಾತ್ರ ‘ಸಮುದ್ರ ಆಸಿಡ್ ಆಗಿದೆ, ಚಿಪ್ಪು ಕರಗುತ್ತಿದೆ’ ಎಂಬ ಚಿತ್ರ. ನಾಳೆ ಯಾರೋ ಕಡಲಿಗೆ ಪಿಎಚ್ ಪಟ್ಟಿ ಅದ್ದಿ 8 ತೋರಿಸಿದರೆ, ಅದುವರೆಗೆ ಕಲಿತದ್ದೆಲ್ಲ ಬುರುಡೆ ಎನಿಸುತ್ತದೆ.

ಇದಕ್ಕಿಂತ ಒಳ್ಳೆಯದು ಇದೆ. ಎರಡು ಲೋಟದಲ್ಲಿ ಸಮುದ್ರದ ನೀರು, ಎರಡಕ್ಕೂ ಒಂದೇ ಅಳತೆಯಲ್ಲಿ ಎಂ-ಕ್ರೆಸಾಲ್ ಪರ್ಪಲ್ ಸೂಚಕ. ಈ ಬಣ್ಣ ಬದಲಾಗುವುದು ಪಿಎಚ್ 7.4ರಿಂದ 9ರ ನಡುವೆ, ಕಡಲು ಇರುವುದೂ ಅಲ್ಲೇ. ಸಂಶೋಧಕರು ಕಡಲಿನ ಪಿಎಚ್ ಅಳೆಯಲು ಬಳಸುವುದೂ ಇದನ್ನೇ. ಒಂದು ಲೋಟಕ್ಕೆ ಸ್ಟ್ರಾದಿಂದ ಉಸಿರು ಊದಿದರೆ, ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಕರಗಿ ಆಮ್ಲೀಯತೆ ಏರಿ, ನೇರಳೆ ನಿಧಾನಕ್ಕೆ ಹಳದಿಯತ್ತ ಜಾರುತ್ತದೆ. ಇನ್ನೊಂದು ಹಾಗೇ ಇರುತ್ತದೆ, ಹೋಲಿಕೆಗೆ. ಸ್ಟ್ರಾದ ಮೇಲ್ಭಾಗದಲ್ಲಿ ಸೂಜಿಯಿಂದ ಒಂದು ತೂತು ಮಾಡಿರಬೇಕು: ಊದಿದರೆ ಗಾಳಿ ಹೋಗುತ್ತದೆ, ಹೀರಿದರೆ ನೀರು ಬಾಯಿಗೆ ಬರುವುದಿಲ್ಲ. ಆಮೇಲೆ ಅದೇ ಲೋಟಕ್ಕೆ ಅಕ್ವೇರಿಯಂ ಪಂಪಿನಿಂದ ಹೊರಗಿನ ಗಾಳಿ ಬಿಟ್ಟರೆ ಬಣ್ಣ ಹಿಂದಕ್ಕೆ ಬರುತ್ತದೆ. ಜನ ತುಂಬಿದ ಕೋಣೆಯ ಗಾಳಿ ಬಿಟ್ಟರೆ ಪೂರ್ತಿ ಹಿಂದಕ್ಕೆ ಬಾರದೆ ಪೇಚಿಗಿಡುತ್ತದೆ, ಅಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ. ಆ ಪೇಚೂ ಪಾಠವೇ.

‘ನಾವು ಎಳೆದುಕೊಳ್ಳುವ ಎರಡು ಉಸಿರಲ್ಲಿ ಒಂದು ಸಮುದ್ರದ್ದು’ ಎಂಬ ಮಾತು ಇನ್ನೊಂದು. ಭೂಮಿಯ ಮೇಲೆ ದ್ಯುತಿಸಂಶ್ಲೇಷಣೆಯಿಂದ ಹುಟ್ಟುವ ಆಮ್ಲಜನಕದಲ್ಲಿ ಅರ್ಧದಷ್ಟು ಕಡಲಿನ ಸೂಕ್ಷ್ಮಸಸ್ಯಗಳದ್ದು ಎಂಬುದು ಸರಿ. ಆದರೆ ಹುಟ್ಟಿದ್ದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಕಡಲಿನ ಜೀವಿಗಳೇ ಉಸಿರಾಟಕ್ಕೆ, ಕೊಳೆಯುವುದಕ್ಕೆ ಬಳಸಿಬಿಡುತ್ತವೆ. ನಾವು ಉಸಿರಾಡುವ ಶೇ 21ರ ದಾಸ್ತಾನು ಕೋಟ್ಯಂತರ ವರ್ಷಗಳ ಉಳಿತಾಯ. ಸೂಕ್ಷ್ಮಸಸ್ಯಗಳು ಹೋದರೆ ನಾವು ಉಸಿರುಗಟ್ಟಿ ಸಾಯುವುದಕ್ಕಿಂತ ಬಹಳ ಮೊದಲೇ ಕಡಲಿನ ಊಟದ ಸರಪಳಿ ಕಳಚಿಬೀಳುತ್ತದೆ. ಹೇಳಬೇಕಾದ ನಿಜವೇ ಸಾಕಷ್ಟು ದೊಡ್ಡದಿರುವಾಗ ಉತ್ಪ್ರೇಕ್ಷೆ ಯಾಕೆ ಬೇಕೋ!

ಮುಟ್ಟುವ ತೊಟ್ಟಿ

ಈಗ ಟಚ್ ಟ್ಯಾಂಕಿನ ವಿಷಯಕ್ಕೆ. ಪರವಾದವರ ಮಾತು: ನಕ್ಷತ್ರಮೀನಿನ ಅಡಿಯ ಸಾವಿರಾರು ಕೊಳವೆಗಾಲುಗಳು ಬೆರಳಿಗೆ ಅಂಟಿಕೊಳ್ಳುವ ಅನುಭವವನ್ನು ಯಾವ ಪರದೆಯೂ ಕೊಡಲಾರದು. ವಿರೋಧಿಗಳ ಮಾತು: ದಿನವಿಡೀ ನೂರಾರು ಕೈ ತಡವುವುದು ಪ್ರಾಣಿಗೆ ಒತ್ತಡ, ಪ್ರಾಣಿ ಇರುವುದು ನಮ್ಮ ಮನರಂಜನೆಗೆ ಎಂಬ ಪಾಠವನ್ನೇ ಅದು ಕಲಿಸುತ್ತದೆ. ನಡುವೆ ಹಣದ ಪ್ರಶ್ನೆ. ಇಟಲಿಯ ನೇಪಲ್ಸ್‌ನಲ್ಲಿ 1872ರಲ್ಲಿ ಶುರುವಾದ ಪ್ರಾಣಿವಿಜ್ಞಾನ ಕೇಂದ್ರ ಎರಡೇ ವರ್ಷಕ್ಕೆ ಸಾರ್ವಜನಿಕ ಅಕ್ವೇರಿಯಂ ತೆರೆದದ್ದರ ಹಿಂದೆ ಟಿಕೆಟ್ ಹಣದಿಂದ ಸಂಶೋಧನೆ ನಡೆಸುವ ಲೆಕ್ಕಾಚಾರವಿತ್ತು. ಇವತ್ತಿಗೂ ಲೆಕ್ಕ ಅದೇ, ಮತ್ತು ಟಚ್ ಟ್ಯಾಂಕ್ ಜನ ಸೆಳೆಯುವ ಜಾಗ. ಮುಚ್ಚಿದರೆ ಗಲ್ಲಾಪೆಟ್ಟಿಗೆಗೆ ಏಟು.

ಈ ವಾದದಲ್ಲಿ ಎರಡೂ ಕಡೆಯವರು ಬಿಟ್ಟುಬಿಡುವುದು ನೀರನ್ನು. ತೊಟ್ಟಿಯಲ್ಲಿ ಪ್ರಾಣಿ ಸಾಯುವುದು ಹೆಚ್ಚಾಗಿ ಬೆರಳಿನಿಂದಲ್ಲ, ನೀರಿನಿಂದ. 2015ರಲ್ಲಿ ಷಿಕಾಗೊ ಬಳಿಯ ಬ್ರೂಕ್‌ಫೀಲ್ಡ್ ಮೃಗಾಲಯದ ಟಚ್ ಟ್ಯಾಂಕಿನಲ್ಲಿ ಆಮ್ಲಜನಕದ ಮಟ್ಟ ಕುಸಿದು ಅಲ್ಲಿದ್ದ 54 ರೇ ಮೀನುಗಳೂ ಸತ್ತವು. ಟಚ್ ಟ್ಯಾಂಕ್ ಮೂಲತಃ ಆಳವಿಲ್ಲದ ತೊಟ್ಟಿ. ಕೈಗೆ ಎಟುಕಬೇಕಲ್ಲ! ಆಳ ಕಡಿಮೆಯಾದರೆ ನೀರು ಕಡಿಮೆ, ನೀರು ಕಡಿಮೆಯಾದರೆ ಬೇಗ ಬಿಸಿ, ಬಿಸಿಯಾದರೆ ಆಮ್ಲಜನಕ ಹಿಡಿಯುವ ಶಕ್ತಿ ಕಡಿಮೆ. ಸಮುದ್ರದ ನೀರು 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 20ರಲ್ಲಿ ಸುಮಾರು 7.4, 30ರಲ್ಲಿ 6.2. ಅತ್ತ ಬಿಸಿ ಏರಿದಷ್ಟೂ ಪ್ರಾಣಿಯ ಉಸಿರಿನ ಬೇಡಿಕೆ ಏರುತ್ತದೆ. ಪಂಪು ನಿಂತರೆ ಕೈಯಲ್ಲಿರುವುದು ಸ್ವಲ್ಪವೇ ಹೊತ್ತು. ಹಾಗಾಗಿ ಬ್ಯಾಟರಿಯಲ್ಲಿ ತಾನಾಗಿ ಓಡುವ ಗಾಳಿಪಂಪು, ಮಟ್ಟ ಇಳಿದರೆ ರಾತ್ರಿಯೂ ಫೋನಿಗೆ ಕೂಗುವ ಅಲಾರಂ ಐಷಾರಾಮವಲ್ಲ.

ಉಪ್ಪಿನ ಲೆಕ್ಕದಲ್ಲಿ ಹೊಸಬರು ಸಾಮಾನ್ಯವಾಗಿ ಎಡವುವುದು ಆವಿಯ ಜಾಗದಲ್ಲಿ. ಸಾವಿರ ಲೀಟರಿನ ತೊಟ್ಟಿಗೆ ಸುಮಾರು 35 ಕಿಲೊ ಉಪ್ಪು ಕರಗಿರುತ್ತದೆ, ಸಾವಿರಕ್ಕೆ 35 ಪಾಲು. ಬಾಯ್ತೆರೆದ ತೊಟ್ಟಿಯಿಂದ 50 ಲೀಟರ್ ಆವಿಯಾಯಿತು ಅನ್ನಿ. ಹೋದದ್ದು ಬರೀ ನೀರು, ಉಪ್ಪು ಅಲ್ಲೇ ಇದೆ, ಈಗ ಸಾಂದ್ರತೆ 36.8. ಕಡಿಮೆಯಾದ ಮಟ್ಟ ತುಂಬಲು ಉಪ್ಪುನೀರನ್ನೇ ಸುರಿದರೆ ವಾರವಾರಕ್ಕೂ ಏರುತ್ತ ಹೋಗುತ್ತದೆ. ಸುರಿಯಬೇಕಾದ್ದು ಕ್ಲೋರಿನ್ ತೆಗೆದ ಸಿಹಿನೀರು. ಮೀನು ಇಂಥ ಏರುಪೇರನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ನಕ್ಷತ್ರಮೀನು ತಡೆಯದು. ಮೀನು ಎಂದು ಕರೆದರೂ ಅದು ಮೀನಲ್ಲ, ಕೊಳವೆಗಾಲು ನಡೆಸುವ ಅದರ ಜಲವ್ಯವಸ್ಥೆಯಲ್ಲಿ ಹರಿಯುವುದು ಹೆಚ್ಚುಕಡಿಮೆ ಹೊರಗಿನ ನೀರೇ. ತಾಮ್ರವೂ ಅದಕ್ಕೆ ವಿಷ: ಮೀನಿನ ಪರಾವಲಂಬಿಗೆ ಕೊಡುವ ತಾಮ್ರದ ಔಷಧಿ, ಕೊಳಾಯಿಯ ಹಿತ್ತಾಳೆ ಕೀಲು, ಯಾವುದೂ ಆ ನೀರಿನ ಹಾದಿಗೆ ಬರಬಾರದು.

ಕೈಯ ನಿಯಮಗಳ ಹಿಂದಿನ ಕಾರಣವೂ ನೀರೇ. ಮುಟ್ಟುವ ಮೊದಲು ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ಸೋಪು, ಸ್ಯಾನಿಟೈಸರ್ ಬೇಡ, ಅವುಗಳ ಜಿಡ್ಡು ತೊಟ್ಟಿಗೆ ಹೋಗುತ್ತದೆ. ಸನ್‌ಸ್ಕ್ರೀನ್ ಹಚ್ಚಿದ ಕೈಯನ್ನು ಮುಂಗೈವರೆಗೂ ತೊಳೆಸಬೇಕು. ಮುಟ್ಟಿದ ಮೇಲೆ ಸೋಪು ಕಡ್ಡಾಯ, ಗಾಯ ಇರುವ ಕೈ ಇಳಿಯಲೇಬಾರದು: ಕಡಲ ನೀರಿನ ಕೆಲವು ವಿಬ್ರಿಯೊಗಳು, ತೊಟ್ಟಿಗಳಲ್ಲಿರುವ ಮೈಕೊಬ್ಯಾಕ್ಟೀರಿಯಂ ಮರೀನಂ ಎಂಬ ಬ್ಯಾಕ್ಟೀರಿಯಾ ಗಾಯದ ಮೂಲಕ ಮನುಷ್ಯರಿಗೂ ಹತ್ತುತ್ತವೆ. ಎರಡು ಬೆರಳಲ್ಲಿ, ನೀರಿನೊಳಗೇ, ಬೆನ್ನ ಮೇಲೆ ಮಾತ್ರ ಸವರಬೇಕು. ಗಾಜಿನಿಂದ ಕಿತ್ತೆತ್ತಿದರೆ ಕೊಳವೆಗಾಲುಗಳು ಹರಿದು ಗಾಜಿಗೇ ಅಂಟಿಕೊಂಡು ಉಳಿಯುತ್ತವೆ. ಕಣ್ಣಿಟ್ಟು ನೋಡಿದರೆ ಗಾಜಿನ ಮೇಲೆ ಪುಟ್ಟ ಬಿಳಿ ಚುಕ್ಕೆಗಳ ಸಾಲು ಕಾಣುತ್ತದೆ. ಅಂಥ ಚುಕ್ಕೆ ಕಂಡ ದಿನ ತೊಟ್ಟಿಯ ಬಳಿ ಆಳು ಸಾಲದೆ ಹೋಗಿದೆ ಎಂದು ತಿಳಿಯಬೇಕು.

2025ರ ಫಲಿತಾಂಶ ಈ ಪಟ್ಟಿಗೆ ಹೊಸ ಚಿಂತೆ ಸೇರಿಸಿತು. ಅನೇಕ ಕೇಂದ್ರಗಳು ಕಡಲಿನಿಂದ ನೀರೆಳೆದು, ತೊಟ್ಟಿಯಲ್ಲಿ ಹರಿಸಿ, ಕಡಲಿಗೇ ಬಿಡುತ್ತವೆ. ಕಡಲಲ್ಲಿ ರೋಗಾಣು ಇದ್ದರೆ ಒಳಗೆ ಬರುತ್ತದೆ, ಒಳಗಿದ್ದರೆ ಹೊರಗೆ ಹೋಗುತ್ತದೆ. ‘ಫಿಲ್ಟರ್ ಇದೆಯಲ್ಲ’ ಎಂಬ ಸಮಾಧಾನ ಸಾಲದು. ಸಾಮಾನ್ಯ 5 ಮೈಕ್ರಾನ್ ಕಾರ್ಟ್ರಿಡ್ಜ್ ಬ್ಯಾಕ್ಟೀರಿಯಾವನ್ನು ಹಿಡಿಯುವುದಿಲ್ಲ, ಅದರ ಕೆಲಸ ನೀರನ್ನು ತಿಳಿಮಾಡುವುದು. ಕೊಲ್ಲುವುದು ಅದರ ಮುಂದಿನ ಅತಿನೇರಳೆ ದೀಪ. ನೀರು ಕದಡಿದ್ದರೆ ಕಣಗಳ ನೆರಳಲ್ಲಿ ರೋಗಾಣು ಪಾರಾಗುತ್ತದೆ, ಹರಿವು ಹೆಚ್ಚಿದ್ದರೆ ಬೆಳಕು ತಾಗುವ ಹೊತ್ತು ಸಾಲದು. ದೀಪ ನೀಲಿಯಾಗಿ ಉರಿಯುತ್ತಲೇ ಇದ್ದರೂ ವರ್ಷ ಕಳೆಯುವಷ್ಟರಲ್ಲಿ ಅದರ ಕಸುವು ಇಳಿದಿರುತ್ತದೆ. ಉರಿಯುತ್ತಿದೆ ಎಂದು ಬದಲಿಸದೆ ಬಿಡುವುದು ತೀರ ಸಾಮಾನ್ಯ ತಪ್ಪು. ಹೊಸ ಪ್ರಾಣಿ ಬಂದಾಗ ಬೇರೆ ತೊಟ್ಟಿ, ಬೇರೆ ಬಲೆ, ಬೇರೆ ಬಕೆಟ್, ಕೆಲವು ವಾರಗಳ ಕಾವಲು. ಹಾಗೂ ಒಬ್ಬರೇ ಎರಡೂ ಕಡೆ ಕೆಲಸ ಮಾಡುವುದಾದರೆ ಆರೋಗ್ಯವಂತ ತೊಟ್ಟಿ ಮೊದಲು, ಕಾವಲಿನ ತೊಟ್ಟಿ ಕೊನೆಗೆ.

ಇಷ್ಟನ್ನು ನಿಭಾಯಿಸಲಾಗದ ಕೇಂದ್ರ ಟಚ್ ಟ್ಯಾಂಕ್ ಮುಚ್ಚುವುದೇ ಸರಿ. ನಿಭಾಯಿಸುವ ಕೇಂದ್ರ ಆ ಕೆಲಸವನ್ನು ಬಾಗಿಲ ಹಿಂದೆ ಬಚ್ಚಿಡುವುದು ತಪ್ಪು. ಆಮ್ಲಜನಕದ ಮಾಪಕ ಜನರಿಗೆ ಕಾಣುವಂತಿರಲಿ, ಬೆಳಗಿನ ಅಮೋನಿಯಾ ಪರೀಕ್ಷೆಯನ್ನು ಸಂದರ್ಶಕ ಮಕ್ಕಳೇ ಮಾಡಲಿ. ಸೋಸುಹಾಳೆ, ದೀಪ, ಬಣ್ಣದ ಪರೀಕ್ಷೆ ನೋಡಿದ ಮಗುವಿಗೆ 0.22 ಮೈಕ್ರಾನ್ ಕಥೆ ಅರ್ಥ ಮಾಡಿಸಲು ಬೇರೆ ಫಲಕ ಬೇಕಾಗದು.

ಕಲಿತರು ಎಂಬುದಕ್ಕೆ ಸಾಕ್ಷಿ

ಭೇಟಿಯಿಂದ ಜನ ಕಲಿಯುತ್ತಾರೆಯೇ? ಅಮೆರಿಕದ ಮೃಗಾಲಯ ಮತ್ತು ಅಕ್ವೇರಿಯಂಗಳ ಸಂಘ 12 ಸಂಸ್ಥೆಗಳಲ್ಲಿ ಮಾಡಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೌದು ಎಂದಿತು. 2010ರಲ್ಲಿ ಬಂದ ಟೀಕೆ ಅದರ ವಿಧಾನವನ್ನೇ ಪ್ರಶ್ನಿಸಿತು: ಹೊರಗೆ ಹೋಗುವವರನ್ನು ನಿಲ್ಲಿಸಿ ‘ನಿಮ್ಮ ಮನೋಭಾವ ಬದಲಾಯಿತೇ’ ಎಂದು ಕೇಳಿದರೆ ಹೆಚ್ಚಿನವರು ಹೌದು ಅನ್ನುತ್ತಾರೆ, ಅದು ಸೌಜನ್ಯವೋ ಕಲಿಕೆಯೋ ಗೊತ್ತಾಗುವುದಿಲ್ಲ. ಟೀಕೆ ನ್ಯಾಯವಾದದ್ದು. ಆದರೆ ಅದರಿಂದ ಯಾರೂ ಏನೂ ಕಲಿಯುವುದಿಲ್ಲ ಎಂಬ ತೀರ್ಮಾನವೂ ಬರುವುದಿಲ್ಲ.

ಅಳೆಯಲು ಸುಲಭವಾದ ಒಂದು ದಾರಿ, ಪ್ರಯೋಗಕ್ಕೆ ಮೊದಲು ಊಹೆ ಹೇಳಿಸುವುದು. ಒಂದು ಲೋಟದಲ್ಲಿ ಸಿಹಿನೀರು, ಇನ್ನೊಂದರಲ್ಲಿ ಉಪ್ಪುನೀರು, ಎರಡೂ ಒಂದೇ ತಾಪ, ಎರಡಕ್ಕೂ ಒಂದೊಂದು ಬಣ್ಣದ ಮಂಜುಗಡ್ಡೆ. ಯಾವುದು ಬೇಗ ಕರಗುತ್ತದೆ? ಉಪ್ಪು ಹಿಮ ಕರಗಿಸುತ್ತದೆ ಎಂದು ಕೇಳಿದವರು ಉಪ್ಪುನೀರಿನದು ಎನ್ನುತ್ತಾರೆ. ಬೇಗ ಕರಗುವುದು ಸಿಹಿನೀರಿನಲ್ಲಿ. ಕರಗಿದ ತಣ್ಣೀರು ಅಲ್ಲಿ ಕೆಳಗಿಳಿದು ಬೆಚ್ಚನೆಯ ನೀರು ಮೇಲೆ ಬರುತ್ತದೆ. ಉಪ್ಪುನೀರಿನ ಲೋಟದಲ್ಲಿ ಕರಗಿದ ಸಿಹಿನೀರು ಹಗುರ, ಮೇಲೇ ತೇಲಿ ಗಡ್ಡೆಗೆ ತಣ್ಣನೆ ಹೊದಿಕೆಯಾಗುತ್ತದೆ. ಬಣ್ಣ ಅದನ್ನು ಕಣ್ಣಿಗೆ ಕಟ್ಟಿಕೊಡುತ್ತದೆ. ಗಡ್ಡೆಯನ್ನು ಚಮಚದಿಂದ ಕಲಕಿದರೆ ಪ್ರಯೋಗ ಹಾಳು.

ಸೊನ್ನೆಯ ಬೆಲೆ

ಕೇಂದ್ರಗಳು ಕಲಿಸಬಹುದಾದ ಇನ್ನೊಂದು ಕಸುಬು ಎಣಿಸುವುದು. ರೋಗ ಹರಡಿದ ದಾರಿ ಗೊತ್ತಾದದ್ದು ಸಂಶೋಧಕರಿಂದ ಮಾತ್ರವಲ್ಲ, ಕಡಲಿನ ಇಳಿತದ ಹೊತ್ತು ಬಂಡೆಗಳ ಮೇಲೆ ನಡೆದು ನೋಡಿ ವರದಿ ಕಳಿಸಿದ ಸಾಮಾನ್ಯ ಜನರಿಂದಲೂ. ಕ್ಯಾಲಿಫೋರ್ನಿಯಾದ ಲಿಂಪೆಟ್ಸ್ ಯೋಜನೆಯಲ್ಲಿ ಶಾಲಾ ಮಕ್ಕಳು ಬಂಡೆ, ಮರಳ ದಂಡೆಗಳ ಜೀವಿಗಳನ್ನು ಲೆಕ್ಕ ಹಾಕುತ್ತಾರೆ.

ಸಾಧನ ಸರಳ: 50 ಸೆಂಟಿಮೀಟರ್ ಉದ್ದಗಲದ ಚೌಕಟ್ಟು. ಅದನ್ನು ಮೊದಲೇ ಗೊತ್ತುಮಾಡಿದ ಗೆರೆಯ ಮೇಲೆ, ಗೊತ್ತುಮಾಡಿದ ಅಂತರದಲ್ಲಿ ಇಡಬೇಕು. ಜೀವಿ ಹೆಚ್ಚು ಕಾಣುವ ಕಡೆ ಇಟ್ಟರೆ ಲೆಕ್ಕ ಕೆಟ್ಟಿತು. ಅದಕ್ಕಿಂತ ದೊಡ್ಡ ತಪ್ಪು, ಏನೂ ಸಿಗದ ಚೌಕವನ್ನು ಬರೆಯದೆ ಬಿಡುವುದು. ಕಳೆದ ವರ್ಷ ಹತ್ತು ಚೌಕಗಳಲ್ಲಿ ಒಟ್ಟು 20 ನಕ್ಷತ್ರಮೀನು ಇದ್ದವು ಅನ್ನಿ, ಸರಾಸರಿ 2. ಈ ವರ್ಷ ಎರಡೇ ಚೌಕದಲ್ಲಿ 4 ಸಿಕ್ಕವು, ಉಳಿದ ಎಂಟು ಖಾಲಿ. ಖಾಲಿಯನ್ನು ಬರೆದರೆ ಸರಾಸರಿ 0.4. ಬಿಟ್ಟರೆ ಮತ್ತೆ 2! ಐದರಲ್ಲಿ ನಾಲ್ಕು ಪಾಲು ಸತ್ತುಹೋದರೂ ಕಾಗದದ ಮೇಲೆ ಏನೂ ಆಗಿಲ್ಲ. ಮಕ್ಕಳಿಗೆ ಖಾಲಿ ಚೌಕ ಬೇಸರ, ಅದನ್ನು ಬರೆಸುವುದೇ ಮಾರ್ಗದರ್ಶಕರ ಕೆಲಸ. ಗಾತ್ರವನ್ನೂ ಬರೆಸಬೇಕು, ಮೈಯ ನಡುವಿನಿಂದ ಉದ್ದನೆಯ ತೋಳಿನ ತುದಿಯವರೆಗೆ, ಯಾಕೆಂದರೆ ಮರಿಗಳು ಬರುತ್ತಿವೆಯೇ ಎಂಬುದರ ಸುಳಿವು ಅಲ್ಲಿದೆ. ಸೂರ್ಯಕಾಂತಿ ನಕ್ಷತ್ರಮೀನು ಐದೇ ತೋಳಿನಿಂದ ಬದುಕು ಶುರುಮಾಡಿ ಆಮೇಲೆ ಬೆಳೆಯುತ್ತ ಉಳಿದವನ್ನು ಸೇರಿಸಿಕೊಳ್ಳುತ್ತದೆ. ಹಾಗಾಗಿ ಅದರ ಮರಿಯನ್ನು ಬೇರೆ ಜಾತಿ ಎಂದು ಬರೆದುಬಿಡುವ ಅಪಾಯವುಂಟು.

ಮುಂದೆ ಏನಾಗಬಹುದು

ರೋಗಾಣು ಗೊತ್ತಾದ್ದರಿಂದ ಮೊದಲು ಬದಲಾಗುವುದು ಪರೀಕ್ಷೆ. ಲಕ್ಷಣ ಕಾಣುವವರೆಗೆ ಕಾಯದೆ ಒಡಲ ದ್ರವದ ಒಂದು ಹನಿಯಲ್ಲಿ ಅದರ ಡಿಎನ್‌ಎ ಹುಡುಕಬಹುದು. ಸೂರ್ಯಕಾಂತಿ ನಕ್ಷತ್ರಮೀನನ್ನು ಸಾಕಿ ಮರಿ ಮಾಡಿಸುವ ಕೆಲಸ ವಾಷಿಂಗ್ಟನ್ ರಾಜ್ಯದ ಫ್ರೈಡೇ ಹಾರ್ಬರ್ ಪ್ರಯೋಗಾಲಯದಲ್ಲಿ ಮೊದಲೇ ನಡೆದಿದೆ. ಇನ್ನು ಮುಂದೆ ಸೋಂಕು ತಡೆಯುವ ಪ್ರಾಣಿಗಳನ್ನು ಆರಿಸಬಹುದು, ಕಡಲಿಗೆ ಬಿಡುವ ಮೊದಲು ಪರೀಕ್ಷಿಸಬಹುದು. ಇಂಥ ಪ್ರಾಣಿಗಳನ್ನು ಸಾಕುವ ಸಾರ್ವಜನಿಕ ಕೇಂದ್ರಗಳು ತಳಿ ಉಳಿಸುವ ಜಾಗವೂ ಆಗುತ್ತವೆ, ಆಗ ಅವುಗಳ ನೀರಿನ ಹಾದಿ ಟಚ್ ಟ್ಯಾಂಕಿನ ನೀರಿನೊಂದಿಗೆ ಎಲ್ಲೂ ಕೂಡಬಾರದು. ಹಳೆಯ ಕಟ್ಟಡಗಳಲ್ಲಿ ಕೊಳಾಯಿ ಒಂದೇ, ಬೇರ್ಪಡಿಸುವುದು ದೊಡ್ಡ ಖರ್ಚಿನ ಬಾಬ್ತು.

ಬಿಸಿಯ ಪಾತ್ರ ಇನ್ನೂ ಪೂರ್ತಿ ಬಿಡಿಸಿಲ್ಲ. ವಿಬ್ರಿಯೊ ವಂಶದ ಅನೇಕ ಬ್ಯಾಕ್ಟೀರಿಯಾಗಳಿಗೆ ಬೆಚ್ಚನೆಯ ನೀರು ಹಿತ, ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನೆಲದೊಳಕ್ಕೆ ಚಾಚಿದ ಇಕ್ಕಟ್ಟಾದ, ತಣ್ಣನೆಯ ಕಡಲಚಾಚುಗಳಾದ ಫಿಯರ್ಡ್‌ಗಳಲ್ಲಿ ಸೂರ್ಯಕಾಂತಿ ನಕ್ಷತ್ರಮೀನುಗಳು ಇನ್ನೂ ಉಳಿದುಕೊಂಡಿವೆ. ಎರಡನ್ನೂ ಜೋಡಿಸುವ ಆಸೆ ಯಾರಿಗಾದರೂ ಆಗುತ್ತದೆ. ಜೋಡಿಸುವ ಪ್ರಯೋಗ ಮುಗಿಯುವವರೆಗೆ ಫಲಕದಲ್ಲಿ ಅವು ಎರಡು ಪ್ರತ್ಯೇಕ ವಾಕ್ಯಗಳಾಗಿಯೇ ಇರಲಿ.

2025ರ ಪುರಾವೆ ಗಟ್ಟಿಯಾಗಿರುವುದು ಸೂರ್ಯಕಾಂತಿ ನಕ್ಷತ್ರಮೀನಿನ ಮಟ್ಟಿಗೆ. ಉಳಿದ ಇಪ್ಪತ್ತು ಚಿಲ್ಲರೆ ಜಾತಿಗಳನ್ನು ಕೊಂದದ್ದೂ ಇದೇ ಬ್ಯಾಕ್ಟೀರಿಯಾವೇ ಎಂಬುದು ಬೇರೆಯಾಗಿ ಸಾಬೀತಾಗಬೇಕು. ಟಚ್ ಟ್ಯಾಂಕುಗಳಲ್ಲಿ ಸಾಮಾನ್ಯವಾಗಿ ಇರುವುದು ಸೂರ್ಯಕಾಂತಿಯಲ್ಲ, ಗಟ್ಟಿ ಮೈಯ, ಐದು ತೋಳಿನ ಬೇರೆ ಜಾತಿಗಳು. ಹಾಗಾಗಿ ತೊಟ್ಟಿಯ ಅಂಚಿಗೆ ಗಲ್ಲ ಒತ್ತಿ ‘ಇವಕ್ಕೆ ಏನು ರೋಗ?’ ಎಂದು ಕೇಳುವ ಮಗುವಿಗೆ ಇವತ್ತಿನ ಉತ್ತರ ಇಷ್ಟು: ‘ಇದರ ದೊಡ್ಡಣ್ಣನನ್ನು ಕೊಂದದ್ದು ಒಂದು ಬ್ಯಾಕ್ಟೀರಿಯಾ. ಇದರ ಜಾತಿಯವನ್ನು ಕೊಂದದ್ದೂ ಅದೇನಾ ಅಂತ ಈಗ ಸೋಸಿ ನೋಡ್ತಿದ್ದಾರೆ.’